ಮದರಾಸಿನ ಭೂಮಾಪನವೂ ಕನ್ನಡದ ಕೈಫಿಯತ್ತುಗಳೂ

ತಾನು ಬಾಳುವ ನೆಲವನ್ನು ಗುರುತಿಸಿಟ್ಟುಕೊಳ್ಳಬೇಕೆಂಬ ಹಂಬಲ ಮಾನವನಲ್ಲಿ ಬಹು ಪ್ರಾಚೀನವಾದುದು. ಆ ಗುರುತು ಅಳತೆಗೋಲಿನಿಂದಲೇ ಆಗಬೇಕೆಂಬ ನಿಯಮವೇನೂ ಇಲ್ಲ. ತಮಿಳಿನ ಸಂಘಂ ಕವಿಗಳು ನಾಡನ್ನು ಐದು ತಿಣೆಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಭಾವವನ್ನು ನಿಯಮಿಸಿದರು. ಬೆಟ್ಟದ ಕುರಿಂಜಿಗೆ ಪ್ರಣಯಿಗಳ ಸಮಾಗಮ, ಕಾಡಿನ ಮುಲ್ಲೈಗೆ ನಿರೀಕ್ಷೆ, ಗದ್ದೆಬಯಲಿನ ಮರುದಕ್ಕೆ ಮುನಿಸು, ಕಡಲತೀರದ ನೆಯ್ದಲಿಗೆ ಅಳಲು, ಬೆಂಗಾಡಾದ ಪಾಲೈಗೆ ಅಗಲಿಕೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವಾದರೋ ಕಾವೇರಿ ಗೋದಾವರಿಗಳನ್ನು ಕನ್ನಡನಾಡಿನ ಎಲ್ಲೆಗಳೆಂದು ಹೇಳಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶದಲ್ಲಿ ಕನ್ನಡದ ತಿರುಳನ್ನು ಕಂಡಿತು. ಮೊದಲನೆಯದು ಭಾವದ ಭೂಪಟ. ಎರಡನೆಯದು ಭಾಷೆಯ ಭೂಪಟ. ಯಂತ್ರಸಾಧನಗಳಿಂದ ಅಳೆದು ಬರೆದ ಭೂಪಟವು ಮೈಸೂರು ಸೀಮೆಗೆ ಬಂದುದು ಬಹುಕಾಲದ ಮೇಲೆ, ಮದರಾಸಿನ ಮೂಲಕ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಗೆದ್ದ ಸೀಮೆಯ ಎಲ್ಲೆ, ಹಾದಿ, ಕೆರೆ, ಹುಟ್ಟುವಳಿಗಳನ್ನು ತಿಳಿಯುವುದು ಕಂಪನಿ ಸರ್ಕಾರಕ್ಕೆ ಅಗತ್ಯವಾಯಿತು. ಆ ಯುದ್ಧದಲ್ಲಿ ಪಾಲ್ಗೊಂಡಿದ್ದ ವಿಲಿಯಂ ಲ್ಯಾಂಬ್ಟನ್ ಮತ್ತು ಕಾಲಿನ್ ಮೆಕೆಂಜಿ ಎಂಬ ಇಬ್ಬರು ಸೇನಾಧಿಕಾರಿಗಳು ಎರಡು ಬಗೆಯಲ್ಲಿ ಈ ಕಾರ್ಯಕ್ಕೆ ತೊಡಗಿದರು.

ಲ್ಯಾಂಬ್ಟನ್ನನದು ಶುದ್ಧ ಗಣಿತದ ಮಾರ್ಗ. 1802ರ ಏಪ್ರಿಲ್ 10ರಂದು ಮದರಾಸಿನ ಪರಂಗಿಮಲೆಯ ಬಳಿ ಅವನು ಉಕ್ಕಿನ ಸರಪಳಿಯಿಂದ ಆಧಾರರೇಖೆಯೊಂದನ್ನು ಅಳೆಯಲು ಆರಂಭಿಸಿದನು. ಏಳೂವರೆ ಮೈಲಿಯಷ್ಟಿದ್ದ ಆ ರೇಖೆಯನ್ನು ಮುಗಿಸಲು ಆರು ವಾರಗಳು ಹಿಡಿದವು. ತ್ರಿಕೋನದ ಒಂದು ಭುಜವನ್ನು ನೆಲದ ಮೇಲೆ ಅಳೆದು, ಕೋನಗಳನ್ನು ಥಿಯೋಡೊಲೈಟಿನಿಂದ ನೋಡಿದರೆ ಉಳಿದ ಭುಜಗಳು ಲೆಕ್ಕದಿಂದಲೇ ದೊರೆಯುತ್ತವೆ. ಹೀಗೆ ತ್ರಿಕೋನಕ್ಕೆ ತ್ರಿಕೋನವನ್ನು ಕೂಡಿಸುತ್ತ ಮಾಪನವು ಪಶ್ಚಿಮಕ್ಕೆ ಸಾಗಿತು. ಲೆಕ್ಕವನ್ನು ಪರೀಕ್ಷಿಸಲೆಂದು 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದಾಗ, ಗಣಿತಕ್ಕೂ ನೆಲದ ಅಳತೆಗೂ ಕಂಡುಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತಲೂ ಕಡಿಮೆ. ಮದರಾಸೂ ಬೆಂಗಳೂರೂ ಒಂದೇ ಲೆಕ್ಕದಲ್ಲಿ ಬೆಸೆದುಕೊಂಡುದು ಹೀಗೆ.

ಮೆಕೆಂಜಿಯ ಮಾರ್ಗ ಬೇರೆ. ಮೈಸೂರಿನ ಸರ್ವೆಯನ್ನು ವಹಿಸಿಕೊಂಡ ಅವನು ಊರುಗಳ ಸ್ಥಾನವನ್ನು ಗುರುತಿಸುವುದರೊಡನೆ, ಆ ಊರುಗಳು ತಮ್ಮ ವಿಷಯವಾಗಿ ಏನು ಹೇಳಿಕೊಳ್ಳುತ್ತವೆ ಎಂಬುದನ್ನೂ ಸಂಗ್ರಹಿಸಿದನು. ದೇಶಭಾಷೆಗಳು ಅವನಿಗೆ ಬಾರದಿದ್ದುದರಿಂದ ಈ ಕಾರ್ಯದ ಭಾರವೆಲ್ಲ ದೇಶೀಯ ಸಹಾಯಕರ ಮೇಲೆ ಬಿದ್ದಿತು. ಅವರಲ್ಲಿ ಅಗ್ರಗಣ್ಯನಾದ ಕಾವಲಿ ವೆಂಕಟ ಬೊರಯ್ಯನು 1803ರಲ್ಲಿ ಕಿರಿಯ ವಯಸ್ಸಿನಲ್ಲಿಯೇ ತೀರಿಕೊಂಡನು. ತಮ್ಮನಾದ ಲಕ್ಷ್ಮಯ್ಯನು ಆ ಕೆಲಸವನ್ನು ಮುಂದುವರಿಸಿದನು. 1804ರಲ್ಲಿ ಕನಕಗಿರಿಯ ಜೈನ ವಿದ್ವಾಂಸ ದೇವಚಂದ್ರನು ಮೆಕೆಂಜಿಯನ್ನು ಕಂಡು ಜೈನಪರಂಪರೆಯ ವಿಷಯಗಳನ್ನು ತಿಳಿಸಿದನು. ಅವನು ಮುಂದೆ ರಚಿಸಿದ ರಾಜಾವಳೀಕಥೆಗೂ ಈ ಭೇಟಿಗೂ ಇರುವ ಸಂಬಂಧವನ್ನು ವಿದ್ವಾಂಸರು ಗುರುತಿಸಿದ್ದಾರೆ.

ಹೀಗೆ ದೊರೆತ ಹೇಳಿಕೆಗಳೇ ಕೈಫಿಯತ್ತುಗಳು. ಶಾನುಭೋಗರ ಕಡತಗಳು, ದೇವಾಲಯದ ಶಾಸನಗಳು, ಪಾಳೆಯಗಾರರ ವಂಶಾವಳಿಗಳು, ವೃದ್ಧರ ನೆನಪುಗಳು, ಇವೆಲ್ಲವೂ ಅವುಗಳಲ್ಲಿ ಸೇರಿವೆ. ಭೂಪಟದ ಮೇಲೆ ಬರಿಯ ಚುಕ್ಕೆಯಾಗಿರುವ ಊರು ಕೈಫಿಯತ್ತಿನಲ್ಲಿ ಕೆರೆ ಕಟ್ಟಿಸಿದವನ ಹೆಸರನ್ನೂ ಊರಿಗೆ ಹೆಸರು ಬಂದ ಕಾರಣವನ್ನೂ ಹೇಳುತ್ತದೆ.

ಆದರೆ ಕೈಫಿಯತ್ತನ್ನು ನಿಷ್ಕಲ್ಮಷವಾದ ಸ್ಮೃತಿಯೆಂದು ಭಾವಿಸುವುದು ತಪ್ಪಾದೀತು. ಕೇಳುವವನು ಗೆದ್ದ ಸರ್ಕಾರದ ಅಧಿಕಾರಿ. ಹೇಳುವವನು ತನ್ನ ಇನಾಮು, ಉಂಬಳಿ, ಮಿರಾಸುಗಳು ಉಳಿದಾವೋ ಇಲ್ಲವೋ ಎಂಬ ಚಿಂತೆಯುಳ್ಳವನು. ಪೂರ್ವಿಕರ ಶೌರ್ಯವನ್ನೂ ಅರಸರ ದಾನವನ್ನೂ ವಿವರಿಸುವಾಗ ಅವನು ಇತಿಹಾಸವನ್ನು ಹೇಳುವುದರ ಜೊತೆಗೆ ತನ್ನ ಹಕ್ಕನ್ನೂ ಮಂಡಿಸುತ್ತಿದ್ದನು. ಆದುದರಿಂದ ಇವನ್ನು ಶಾಸನಗಳೊಡನೆ ತಾಳೆನೋಡಿಯೇ ಬಳಸಬೇಕು. ಹಾಗೆಂದು ತಾಳೆಯಾಗದ ಭಾಗವು ವ್ಯರ್ಥವಲ್ಲ. ಒಂದು ಊರು ಯಾವುದನ್ನು ಕಳೆದುಕೊಳ್ಳಲು ಅಂಜಿತು, ಯಾವುದರಿಂದ ಹೆಮ್ಮೆಪಟ್ಟಿತು ಎಂಬುದಕ್ಕೆ ಅದೇ ಸಾಕ್ಷಿ. ಸರಪಳಿಯ ಅಳತೆಗೆ ಸಿಗದ ಈ ಅಂಜಿಕೆ ಹೆಮ್ಮೆಗಳು ಸೇರಿದಾಗಲೇ ನಾಡಿನ ಚಿತ್ರವು ಪೂರ್ಣವಾಗುತ್ತದೆ.

ಮೆಕೆಂಜಿಯು 1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ, 1821ರಲ್ಲಿ ನಿಧನನಾದನು. ಅವನ ಸಂಗ್ರಹವನ್ನು ಕಂಪನಿಯು ಹತ್ತು ಸಾವಿರ ಪೌಂಡುಗಳಿಗೆ ಕೊಂಡಿತು, ಹೆಚ್. ಹೆಚ್. ವಿಲ್ಸನ್ ಸಿದ್ಧಪಡಿಸಿದ ಸೂಚಿಯು 1828ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಸಂಗ್ರಹದ ಒಂದು ಪಾಲು ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಬರಹಗಳಲ್ಲಿ ಬಹುಪಾಲು ಮದರಾಸಿಗೆ ಮರಳಿ, ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ನೆಲೆಸಿವೆ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಮೇಲೆ ಅವು ಕನ್ನಡ ಓದುಗರ ಕೈಗೆ ಎಟುಕುವಂತಾದವು. ಆದರೂ ಒಂದೊಂದು ಊರಿನ ಹೇಳಿಕೆಯನ್ನು ಮೂಲಪ್ರತಿ, ಶಾಸನ, ಭೂಪಟಗಳೊಡನೆ ಹೋಲಿಸಿ ನೋಡುವ ಕೆಲಸವು ವಿಸ್ತಾರವಾದುದು. ಅದು ಒಬ್ಬರಿಂದ ಮುಗಿಯುವಂತಹುದಲ್ಲ.

ಮದರಾಸಿನಿಂದ ಹೊರಟ ರೇಖೆಯು ಬೆಂಗಳೂರನ್ನು ಮುಟ್ಟಿದರೆ, ಕನ್ನಡನಾಡಿನಿಂದ ಹೊರಟ ನೆನಪುಗಳು ಮದರಾಸನ್ನು ಸೇರಿದವು. ತಾಯ್ನಾಡನ್ನು ಅಗಲಿ ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗನು ತಿಣೆಯ ಲೆಕ್ಕದಲ್ಲಿ ಪಾಲೈಯ ನಿವಾಸಿ. ಆದರೆ ಅವನ ಪೂರ್ವಿಕರ ಊರಿನ ಮಾತು ಅವನು ದಿನನಿತ್ಯ ಓಡಾಡುವ ನಗರದ ಭಂಡಾರದಲ್ಲಿಯೇ ಇರಬಹುದು. ಅದನ್ನು ಕೇಳಿ ಓದಿ ಪ್ರತಿಮಾಡುವ ಕೈಗಳು ಎಷ್ಟು ದೊರೆತಾವೋ, ಕನ್ನಡನಾಡಿನ ಭೂಪಟವು ಅಷ್ಟರಮಟ್ಟಿಗೆ ತುಂಬೀತು.