ಒಂದೇ ಅಕ್ಷರದ ಅಂತರ

ಸಂಜೆ ಹೊತ್ತು ಬಸವೇಶ್ವರನಗರದಲ್ಲೋ ವಿಜಯನಗರದಲ್ಲೋ ಒಂದು ಮೆಡಿಕಲ್ ಸ್ಟೋರ್ ಮುಂದೆ ಹತ್ತು ನಿಮಿಷ ನಿಂತು ನೋಡಿ. ಯಾರಾದರೊಬ್ಬರು ಬಂದೇ ಬರುತ್ತಾರೆ. "ಗಂಟಲು ನೋವು ಸಾರ್, ಅಜಿತ್ರೊಮೈಸಿನ್ ಕೊಡಿ." ಕೈಯಲ್ಲಿ ಡಾಕ್ಟರ ಚೀಟಿ ಇರಲ್ಲ.

ಆ ಮಾತ್ರೆ ಒಳಗೆ ಹೋಗಿ ಎಲ್ಲಿ ಕೂರುತ್ತೆ? ಅದನ್ನು ನೋಡೋಕೆ ವಿಜ್ಞಾನಿಗಳಿಗೆ ಇಪ್ಪತ್ತು ವರ್ಷ ಹಿಡೀತು. ದಾರಿ ತೋರಿಸಿದ್ದು ಮೃತ ಸಮುದ್ರದ ಉಪ್ಪಿನಲ್ಲಿ ಬದುಕುವ ಒಂದು ಸೂಕ್ಷ್ಮಜೀವಿ. ಹೆಸರು ಹ್ಯಾಲೊಆರ್ಕ್ಯುಲಾ ಮರಿಸ್ಮಾರ್ಟುಯಿ. ಇದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಅನ್ನೋ ಬೇರೆಯೇ ಕುಲ.

ಪ್ರತಿ ಜೀವಕೋಶದಲ್ಲೂ ಪ್ರೋಟೀನ್ ತಯಾರಿಸುವ ಕಾರ್ಖಾನೆ ಇದೆ. ಅದೇ ರೈಬೋಸೋಮ್. ಅದಕ್ಕೆ ಎರಡು ಭಾಗ, ಒಂದು ಚಿಕ್ಕದು, ಒಂದು ದೊಡ್ಡದು. ನಾನು ಎಂಜಿನಿಯರಿಂಗ್ ಓದಿದವನು. ಯಂತ್ರ ಅರ್ಥವಾಗಬೇಕಾದರೆ ಮೊದಲು ಡ್ರಾಯಿಂಗ್ ಬೇಕು. ಈ ಯಂತ್ರಕ್ಕೆ ಡ್ರಾಯಿಂಗೇ ಇರಲಿಲ್ಲ.

ಇಸ್ರೇಲಿನ ಅದಾ ಯೋನತ್ 1980ರ ಸುಮಾರಿಗೆ ರೈಬೋಸೋಮನ್ನು ಹರಳುಗಟ್ಟಿಸಲು ಹೊರಟಾಗ, ಇದು ಆಗದ ಕೆಲಸ ಅಂದವರೇ ಹೆಚ್ಚು. ಹರಳು ಸಿಕ್ಕರೂ ಎಕ್ಸ್-ರೇ ಬಿದ್ದರೆ ಕೆಡುತ್ತಿತ್ತು. ಆಕೆ ಅದನ್ನು ಕಡುಚಳಿಯಲ್ಲಿ ಹೆಪ್ಪುಗಟ್ಟಿಸಿ ಉಳಿಸಿದರು. 2000ದ ಆಗಸ್ಟ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಥಾಮಸ್ ಸ್ಟೈಟ್ಜ್, ಪೀಟರ್ ಮೂರ್ ತಂಡ ದೊಡ್ಡ ಭಾಗದ ಚಿತ್ರ ಮುಂದಿಟ್ಟಿತು. ಸ್ಪಷ್ಟತೆ 2.4 ಆಂಗ್‌ಸ್ಟ್ರಾಮ್. ಒಂದು ಸೆಂಟಿಮೀಟರನ್ನು 10 ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಾಮ್! ಆರ್‌ಎನ್‌ಎಯ 3,045 ಅಕ್ಷರಗಳಲ್ಲಿ 2,833ರ ಜಾಗ ಗೊತ್ತಾಯಿತು. 31 ಪ್ರೋಟೀನ್‌ಗಳಲ್ಲಿ 27 ಸಿಕ್ಕವು. ಪ್ರೋಟೀನಿನ ಕೊಂಡಿ ಬೆಸೆಯುವ ಜಾಗದಲ್ಲಿ ಪ್ರೋಟೀನೇ ಇರಲಿಲ್ಲ, ಆ ಕೆಲಸ ಆರ್‌ಎನ್‌ಎಯದೇ.

ಇದರಲ್ಲಿ ಬೆಂಗಳೂರಿನ ನಂಟೂ ಇದೆ. ಪ್ರೋಟೀನಿನ ರಚನೆ ಸರಿಯಿದೆಯೇ ಅಂತ ಜಗತ್ತು ಇವತ್ತಿಗೂ ಒರೆಗೆ ಹಚ್ಚೋದು ರಾಮಚಂದ್ರನ್ ನಕ್ಷೆಗೆ. 1963ರಲ್ಲಿ ಮದ್ರಾಸಿನಲ್ಲಿ ಅದನ್ನು ರೂಪಿಸಿದ ಜಿ.ಎನ್. ರಾಮಚಂದ್ರನ್, ಆಮೇಲೆ ನಮ್ಮ ರಾಜಾಜಿನಗರಕ್ಕೆ ಕೂಗಳತೆಯಲ್ಲಿರುವ ಐಐಎಸ್ಸಿಯಲ್ಲಿ ಅಣುಜೈವಿಕ ಭೌತವಿಜ್ಞಾನ ವಿಭಾಗ ಕಟ್ಟಿದರು. 2009ರಲ್ಲಿ ಯೋನತ್, ಸ್ಟೈಟ್ಜ್ ಜೊತೆ ನೊಬೆಲ್ ಪಡೆದ ಮೂರನೆಯವರು ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್. ಅವರದು ಚಿಕ್ಕ ಭಾಗದ ಕೆಲಸ.

ಈಗ ಮಾತ್ರೆಗೆ ಬರೋಣ. ಹೊಸ ಪ್ರೋಟೀನ್ ಹೊರಬರುವ ಸುರಂಗದಲ್ಲಿ ಅದು ಅಡ್ಡ ಕೂರುತ್ತೆ. ಅಲ್ಲಿ ಬ್ಯಾಕ್ಟೀರಿಯಾಗೆ ಇರುವ ಅಕ್ಷರ 'ಎ'. ನಮಗೂ ಆ ಮೃತ ಸಮುದ್ರದ ಜೀವಿಗೂ 'ಜಿ'. 2005ರಲ್ಲಿ ಅದೇ ಜೀವಿಯ 'ಜಿ'ಯನ್ನು 'ಎ' ಮಾಡಿದಾಗ, ಈ ಮಾತ್ರೆಯ ಅಣ್ಣನಂತಿರುವ ಎರಿಥ್ರೊಮೈಸಿನ್ ಹಿಡಿತ 10,000 ಪಟ್ಟಿಗೂ ಮೀರಿ ಬಿಗಿಯಾಯಿತು. ಬ್ಯಾಕ್ಟೀರಿಯಾ ತನ್ನ 'ಎ'ಯನ್ನು 'ಜಿ' ಮಾಡಿಕೊಂಡರೆ? ಮಾತ್ರೆ ದಂಡ.

ಬೇಕಾಬಿಟ್ಟಿ ನುಂಗಿದಷ್ಟೂ ಸಾಯೋದು ಹಳೇ ಅಕ್ಷರದವು, ಉಳಿದು ಬೆಳೆಯೋದು ಬದಲಾದವು. ಇನ್ನು ವೈರಸ್‌ಗೆ ಸ್ವಂತ ರೈಬೋಸೋಮೇ ಇಲ್ಲ, ಹಾಗಾಗಿ ನೆಗಡಿಗೆ ಈ ಮಾತ್ರೆ ನುಂಗಿ ಏನು ಬಂತು? ಪಟ್ಟಿಯ ಮೇಲಿನ ಕೆಂಪು ಗೆರೆ ಅಲಂಕಾರಕ್ಕಲ್ಲ ಸ್ವಾಮಿ. ಮುಂದೆ ನಮ್ಮ ಮಗುವಿಗೆ ನಿಜಕ್ಕೂ ಬೇಕಾದ ದಿನ ಆ ಮಾತ್ರೆ ಕೆಲಸ ಮಾಡಬೇಕಲ್ಲ!