ಮಡಕೆಯೊಳಗಿನ ನೀಲಗಿರಿ ಪೊಟರೆ

ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಾಗಲಿ, ಹೈದರಾಬಾದಿನ ಮುರ್ಗಿ ಚೌಕದಲ್ಲಾಗಲಿ ‘ಲವ್ ಬರ್ಡ್ಸ್’ ಎಂದು ಕೂಗಿ ಮಾರುವ ಹಸಿರು, ನೀಲಿ ಹಕ್ಕಿಗಳು ಬಹುಪಾಲು ಲವ್ ಬರ್ಡ್ ಅಲ್ಲವೇ ಅಲ್ಲ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಇವು ಆಸ್ಟ್ರೇಲಿಯದ ಒಣ ಬಯಲಿನ ಪುಟ್ಟ ಗಿಳಿಗಳು, ಬಜರಿಗಾರ್. ಹೆಸರಿನಲ್ಲಿ ಎಡವಿದ ನಮ್ಮ ಪೇಟೆ, ಅವುಗಳಿಗೆ ಮಾಡಿಕೊಟ್ಟ ಮನೆಯಲ್ಲಿ ಮಾತ್ರ ಎಡವಲಿಲ್ಲ: ಪಂಜರದ ಮೂಲೆಗೆ ತಂತಿಯಲ್ಲಿ ಬಿಗಿದ, ಪಕ್ಕದಲ್ಲೊಂದು ತೂತಿರುವ ಅಗ್ಗದ ಮಣ್ಣಿನ ಮಡಕೆ.

1805ರಲ್ಲಿ ಜಾರ್ಜ್ ಶಾ ಈ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ. 1840ರಲ್ಲಿ ಜಾನ್ ಗೂಲ್ಡ್ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದ. ಆಮೇಲೆ ಅದು ಯೂರೋಪಿನ ಮನೆಮನೆ ಸೇರಿತು. ಕಾಡಿನಲ್ಲಿ ಹಸಿರು-ಹಳದಿಯಾಗಿದ್ದ ಹಕ್ಕಿಗೆ ನೀಲಿ ಬಣ್ಣ ಬಂದದ್ದೂ ಅಲ್ಲಿನ ಪಂಜರಗಳಲ್ಲೇ. ತಲೆಮಾರುಗಳು ಉರುಳಿದರೂ ಒಂದು ಹಂಬಲ ಬದಲಾಗಲಿಲ್ಲ. ತವರಿನಲ್ಲಿ ಅದು ನೀಲಗಿರಿ ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಗೂಡು ಹೆಣೆಯುವ ಗೋಜಿಲ್ಲ, ಹುಲ್ಲುಕಡ್ಡಿ ತರುವುದಿಲ್ಲ. ಅದಕ್ಕೆ ಬೇಕಾದ್ದು ಕತ್ತಲು ಮತ್ತು ಒಂದು ತೂತು.

ಮಡಕೆ ಎರಡನ್ನೂ ಕೊಟ್ಟಿತು. ಇನ್ನೊಂದನ್ನೂ ಕೊಟ್ಟಿತು, ಗುಂಡನೆಯ ತಳ. ನಾಲ್ಕಾರು ಮೊಟ್ಟೆಗಳು ಚೆದುರದೆ ತಾಯಿಯ ಎದೆಯಡಿ ಕೂಡಿರುತ್ತವೆ. ಚಪ್ಪಟೆ, ನುಣುಪು ತಳದ ಪೆಟ್ಟಿಗೆಯಲ್ಲಿ ಮರಿಗಳ ಕಾಲು ಜಾರಿ, ಅಗಲಕ್ಕೆ ಚಾಚಿಕೊಂಡು ಹಾಗೆಯೇ ಬಲಿಯುವುದುಂಟು. ಮಡಕೆಯಲ್ಲೂ ಒಂದು ಹಿಡಿ ಮರದ ಹೊಟ್ಟು ಹಾಕುವುದು ಇದಕ್ಕೇ.

ನಮ್ಮ ಹಿರಿಯರ ಪಂಜರದಲ್ಲಿದ್ದದ್ದು ಕೆಂಪು ಕೊಕ್ಕಿನ ನಾಡಗಿಳಿ. 1972ರ ವನ್ಯಜೀವಿ ಕಾಯ್ದೆ, ಆಮೇಲೆ 1990ರ ದಶಕದ ಹೊತ್ತಿಗೆ ಬಿಗಿಯಾದ ನಿಷೇಧ, ಅದನ್ನು ಸಾಕುವುದನ್ನು ಅಪರಾಧವಾಗಿಸಿದವು. ಆ ಖಾಲಿ ಜಾಗಕ್ಕೆ ಈ ಪರದೇಶಿ ಬಂದು ಕೂತಿತೆಂದೇ ನನ್ನ ಎಣಿಕೆ. ಒಂದು ಕೋಣೆಯ ಬಾಡಿಗೆ ಮನೆಯ ಬಾಲ್ಕನಿಗೆ ಅದೇ ಸರಿಯಾದ ಅಳತೆ ಕೂಡ.

ಉಳಿದ ಸಾಮಾನಿಗೂ ಅಂಗಡಿ ಬೇಕಿಲ್ಲ. ಕೂರಲು ಅಂಗಡಿಯ ನುಣುಪು ಕೋಲಿಗಿಂತ ಔಷಧಿ ಹೊಡೆಯದ ಸೀಬೆ ಗಿಡದ ಕೊಂಬೆ ಲೇಸು. ಒಂದೇ ದಪ್ಪದ ಕೋಲು ಅಂಗಾಲಿನ ಒಂದೇ ಜಾಗವನ್ನು ಒತ್ತಿ ಹುಣ್ಣು ಮಾಡುತ್ತದೆ. ಸುಣ್ಣದಂಶಕ್ಕೆ ಕಟಲ್ ಮೀನಿನ ಎಲುಬು, ಅಂದರೆ ಆಯುರ್ವೇದದ ಸಮುದ್ರಫೇನ. ಕಡಲತೀರದಲ್ಲಿ ಸಿಕ್ಕರೆ ನೆನೆಸಿ, ಉಪ್ಪು ಬಿಡಿಸಿ, ಒಣಗಿಸಿದರಾಯಿತು. ತಂತಿಯ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಸತುವಿನ ಲೇಪವಿರುವ ತಂತಿಯನ್ನು ಕಚ್ಚಿ ಕಚ್ಚಿ ವಿಷವೇರಿ ಸತ್ತ ಹಕ್ಕಿಗಳಿವೆ. ಗಂಟು ಪಂಜರದ ಹೊರಗಿರಲಿ, ತಂತಿ ಸ್ಟೀಲಿನದಾಗಲಿ.

ತವರಿನಲ್ಲಿ ಇವು ಮರಿ ಮಾಡುವುದು ಮಳೆ ಬಿದ್ದು ಹುಲ್ಲು ತೆನೆಗಟ್ಟಿದಾಗ. ಬಾಲ್ಕನಿಯಲ್ಲಿ ನವಣೆ ವರ್ಷವಿಡೀ ಸಿಗುತ್ತದೆ, ಆದ್ದರಿಂದ ತೂಗುವ ಮಡಕೆಯೇ ಅದಕ್ಕೆ ಮಳೆಗಾಲ. ತೆಗೆಯದೆ ಬಿಟ್ಟರೆ ಹೆಣ್ಣು ಒಂದರ ಹಿಂದೊಂದು ಸೂಲು ಇಟ್ಟು ಸೊರಗುತ್ತದೆ. ಎರಡನೇ ಸೂಲಿನ ಮರಿಗಳು ಹೊರಬಂದು ತಾವೇ ತಿನ್ನತೊಡಗಿದ ಮೇಲೆ ಮಡಕೆ ಬಿಚ್ಚಿ, ತೊಳೆದು, ಬಿಸಿಲಿಗಿಟ್ಟು, ಅಟ್ಟಕ್ಕೇರಿಸಬೇಕು.