ಪುನರ್ನವ: ಮೂತ್ರಪಿಂಡದ ಕಾವಲಿಗೆ ಹಳೆಯ ಗಿಡ

ಬೇಸಿಗೆಯಲ್ಲಿ ಒಣಗಿ, ಮಳೆ ಬಿದ್ದೊಡನೆ ಬೇರಿನಿಂದ ಮತ್ತೆ ಚಿಗುರುವುದರಿಂದ ಈ ಗಿಡಕ್ಕೆ ಪುನರ್ನವ ಎಂಬ ಹೆಸರು ಬಂತು. ಕನ್ನಡದಲ್ಲಿ ಇದು ಕೊಮ್ಮೆ ಗಿಡ. ಚರಕ, ಸುಶ್ರುತ ಸಂಹಿತೆಗಳು ಇದನ್ನು ಬಾವು ಇಳಿಸುವ ಮದ್ದೆಂದು ಹೇಳಿವೆ.

ಆ ಕಾಲಕ್ಕೆ ಜೆಂಟಾಮೈಸಿನ್ ಇರಲಿಲ್ಲ. 1963ರಲ್ಲಿ ಬೆಳಕಿಗೆ ಬಂದ ಈ ಆಂಟಿಬಯಾಟಿಕ್ ಅನೇಕರ ಜೀವ ಉಳಿಸಿತು. ಆದರೆ ಅದು ಮೂತ್ರಪಿಂಡದ ಸೂಕ್ಷ್ಮನಾಳಗಳ ಜೀವಕೋಶಗಳಲ್ಲಿ ಶೇಖರವಾಗಿ ಅವುಗಳನ್ನು ಕೆಡಿಸುತ್ತದೆ ಎಂಬುದೂ ತಿಳಿದುಬಂತು. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್‌ಗೂ ಮೂತ್ರಪಿಂಡವನ್ನು ಘಾಸಿಗೊಳಿಸುವ ದೋಷವಿದೆ. ಹೀಗಾಗಿ ಸಂಶೋಧಕರ ದೃಷ್ಟಿ ಹಳೆಯ ಗಿಡಗಳತ್ತ ಹೊರಳಿತು. ಜೆಂಟಾಮೈಸಿನ್ ಕೊಟ್ಟ ಇಲಿಗಳಿಗೆ ಪುನರ್ನವವನ್ನೂ ಕೊಟ್ಟಾಗ ಹಾನಿ ತಗ್ಗಿದ್ದು ಕಂಡುಬಂದಿದೆ. ಆದರೆ ಇಲಿಗೆ ಒಗ್ಗಿದ್ದು ಮನುಷ್ಯನಿಗೂ ಒಗ್ಗುತ್ತದೆಂದು ಇಷ್ಟರಿಂದಲೇ ಹೇಳಲಾಗದು.

ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವೂ ಅಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಸೇವಿಸಿದ ಹಲವು ಮಹಿಳೆಯರ ಮೂತ್ರಪಿಂಡಗಳು ಕೆಟ್ಟುಹೋದವು. ಬೇಕಿದ್ದ ಬೇರಿನ ಬದಲು ಅರಿಸ್ಟೊಲೋಕಿಯ ಕುಲದ ವಿಷದ ಬೇರು ಸೇರಿದ್ದೇ ಅದಕ್ಕೆ ಕಾರಣ. ಹಾವಿನ ವಿಷಕ್ಕೆ ಮದ್ದೆಂದು ನಾಟಿವೈದ್ಯರು ಬಳಸುತ್ತ ಬಂದ ಈಶ್ವರಿ ಬಳ್ಳಿಯೂ ಅದೇ ಕುಲದ್ದು. ಆದ್ದರಿಂದ ಆಸ್ಪತ್ರೆಯ ಔಷಧದ ಜೊತೆ ಕಷಾಯವನ್ನೂ ಕುಡಿಯುವವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಲೇಸು.